ಸ್ವೆರ್ದ್ಲೋವ್ಸ್ಕ್ ಊರಿನ ಗಾಳಿ

ಎರಡನೆಯ ಮಹಾಯುದ್ಧದ ಪಾಠ ಮಾಡುವಾಗ ಹಿರೋಷಿಮಾ, ನಾಗಸಾಕಿ ಎಂಬ ಎರಡು ಹೆಸರು ಹೇಳಿದರೆ ಸಾಕು, ಮಕ್ಕಳ ಕಣ್ಣಮುಂದೆ ಚಿತ್ರ ಕಟ್ಟುತ್ತದೆ. ಜೈವಿಕ ಅಸ್ತ್ರ ಎಂದರೆ ಹಾಗೆ ಯಾವ ಚಿತ್ರವೂ ಕಟ್ಟುವುದಿಲ್ಲ. ಸದ್ದಿಲ್ಲ, ಹೊಗೆಯಿಲ್ಲ, ಬೆಂಕಿಯಿಲ್ಲ. 'ರೋಗಾಣುಗಳಿಂದ ಜನ, ಜಾನುವಾರು, ಬೆಳೆಗಳನ್ನು ನಾಶಮಾಡುವ ಸಾಧನ' ಎಂದು ನೋಟ್ಸಿನಲ್ಲಿ ಒಂದು ಸಾಲು ಬರೆಸಿದರೆ ಎರಡು ಅಂಕದ ಪ್ರಶ್ನೆಗೆ ಸಾಕಾಗುತ್ತದೆ. ನನಗೆ ಮಾತ್ರ ಅಷ್ಟಕ್ಕೆ ಸಮಾಧಾನವಿಲ್ಲ. ಅದಕ್ಕೇ ಕೆಲವು ವರ್ಷಗಳಿಂದ ಆ ಸಾಲನ್ನು ಬರೆಸಿದ ಮೇಲೆ ಪುಸ್ತಕ ಮುಚ್ಚಿಸಿ ಒಂದು ಊರಿನ ಕಥೆ ಹೇಳುತ್ತೇನೆ. ಆ ಊರಿನ ಮೇಲೆ ಯಾವ ಶತ್ರುವೂ ದಾಳಿ ಮಾಡಲಿಲ್ಲ. ಆದರೂ ಅಲ್ಲಿ ಕನಿಷ್ಠ 66 ಜನ ಸತ್ತರು.

ರಷ್ಯಾದ ಯುರಲ್ ಪರ್ವತಗಳ ಪಕ್ಕದ ಆ ದೊಡ್ಡ ಕೈಗಾರಿಕಾ ನಗರಕ್ಕೆ ಸೋವಿಯತ್ ಕಾಲದಲ್ಲಿ ಸ್ವೆರ್ದ್ಲೋವ್ಸ್ಕ್ ಎಂದು ಹೆಸರು. 1991ರಿಂದ ಮತ್ತೆ ಹಳೆಯ ಹೆಸರೇ ಬಂದಿದೆ, ಯೆಕತೆರಿನ್‌ಬುರ್ಗ್. ಊರಿನ ದಕ್ಷಿಣದ ಬಡಾವಣೆಗಳ ಹತ್ತಿರ ಕಾಂಪೌಂಡ್ 19 ಎಂಬ ಸೇನಾ ಆವರಣವಿತ್ತು. ಒಳಗೆ ಏನು ನಡೆಯುತ್ತದೆಂದು ಹೊರಗಿನವರಿಗೆ ಗೊತ್ತಿರಲಿಲ್ಲ, ಕೇಳುವ ಪದ್ಧತಿಯೂ ಇರಲಿಲ್ಲ.

ಒಳಗೆ ಬೆಳೆಸುತ್ತಿದ್ದದ್ದು ಆಂಥ್ರಾಕ್ಸ್. ನಮ್ಮ ಕಡೆ ದನಕರು ಸಾಕುವವರು ನೆರಡಿ ರೋಗ ಎನ್ನುತ್ತಾರಲ್ಲ, ಅದೇ. ನಿನ್ನೆ ಮೇಯುತ್ತಿದ್ದ ಹಸು ಬೆಳಗಾಗುವಾಗ ಸತ್ತು ಬಿದ್ದಿರುತ್ತದೆ, ಮೂಗು ಬಾಯಿಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿರುತ್ತದೆ. 1881ರಲ್ಲಿ ಲೂಯಿ ಪಾಶ್ಚರ್ ಕುರಿಗಳಿಗೆ ಲಸಿಕೆ ಹಾಕಿ ಜನರೆದುರು ಗೆದ್ದು ತೋರಿಸಿದ್ದು ಇದೇ ರೋಗದ ಮೇಲೆ. ಸೇನೆಗಳು ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಈ ರೋಗಾಣು ಒಣಗಿದರೆ ಸಾಯುವುದಿಲ್ಲ. ಗಟ್ಟಿ ಕವಚದ ಬೀಜಾಣುವಾಗಿ ಮಣ್ಣಿನಲ್ಲಿ ದಶಕಗಟ್ಟಲೆ ಮಲಗಿರುತ್ತದೆ. 1942ರಲ್ಲಿ ಬ್ರಿಟಿಷರು ಸ್ಕಾಟ್ಲೆಂಡಿನ ಗ್ರೂನಾರ್ಡ್ ಎಂಬ ಪುಟ್ಟ ದ್ವೀಪದಲ್ಲಿ ಕುರಿಗಳ ಮೇಲೆ ಇದರ ಬಾಂಬನ್ನು ಪರೀಕ್ಷಿಸಿದರು. ಕುರಿಗಳು ಸತ್ತವು, ಪರೀಕ್ಷೆ ಮುಗಿಯಿತು. ಆ ನೆಲವನ್ನು ರಾಸಾಯನಿಕದಿಂದ ತೊಳೆದು 'ಇನ್ನು ಭಯವಿಲ್ಲ' ಎಂದು ಸಾರುವ ಹೊತ್ತಿಗೆ 1990 ಬಂದಿತ್ತು.

ಇನ್ನು ಸ್ವೆರ್ದ್ಲೋವ್ಸ್ಕ್ ಕಥೆ. 1979ರ ಏಪ್ರಿಲ್ ಮೊದಲ ವಾರ ಅಲ್ಲಿನ ಆಸ್ಪತ್ರೆಗಳಿಗೆ ಜ್ವರ, ಕೆಮ್ಮು, ಉಸಿರಾಟದ ತೊಂದರೆ ಎಂದು ಜನ ಬರತೊಡಗಿದರು. ವೈದ್ಯರು ನ್ಯುಮೋನಿಯಾ ಇರಬೇಕೆಂದುಕೊಂಡರು. ಎರಡು ಮೂರು ದಿನಗಳಲ್ಲೇ ರೋಗಿ ಸಾಯುತ್ತಿದ್ದ. ಹೆಚ್ಚಿನವರು ಗಂಡಸರು, ದುಡಿಯುವ ವಯಸ್ಸಿನವರು. ಮಕ್ಕಳಲ್ಲಿ ಯಾರೂ ಸಾಯಲಿಲ್ಲ.

ಆಗ ಒಬ್ಬ ಸತ್ತ ರೋಗಿಯ ಶವಪರೀಕ್ಷೆ ಮಾಡಿದವರು ಫಾಯಿನಾ ಅಬ್ರಮೋವಾ ಎಂಬ ಹಿರಿಯ ರೋಗಶಾಸ್ತ್ರಜ್ಞೆ. ತಲೆಯೊಳಗೆ ಮೆದುಳಿನ ಹೊದಿಕೆಯೆಲ್ಲ ರಕ್ತಸ್ರಾವವಾಗಿ ಕೆಂಪು ಟೋಪಿ ಹಾಕಿದಂತೆ ಕಂಡಿತು. ಇದು ಆಂಥ್ರಾಕ್ಸ್ ಎಂದು ಆಕೆಗೆ ಹೊಳೆಯಿತು, ಪರೀಕ್ಷೆಯಲ್ಲಿ ಖಚಿತವೂ ಆಯಿತು. ಆಮೇಲೆ ಆಕೆ ಮತ್ತು ಕಿರಿಯ ಸಹೋದ್ಯೋಗಿ ಲೆವ್ ಗ್ರಿನ್‌ಬರ್ಗ್ ಸೇರಿ 42 ಶವಗಳ ಪರೀಕ್ಷೆಯ ಸಾಮಗ್ರಿಯನ್ನು ಕಾಪಾಡಿಟ್ಟರು.

ಸರ್ಕಾರ ಜನರಿಗೆ ಹೇಳಿದ್ದೇ ಬೇರೆ. ರೋಗ ಬಂದ ದನದ ಮಾಂಸವನ್ನು ಕಳ್ಳಸಂತೆಯಲ್ಲಿ ಮಾರಿದ್ದಾರೆ, ಅದನ್ನು ತಿಂದವರು ಸತ್ತಿದ್ದಾರೆ ಎಂದಿತು. ಕೇಳಿದವರು ನಂಬುವಂಥ ಸುಳ್ಳು. ಬೀದಿನಾಯಿಗಳನ್ನು ಕೊಂದರು, ಅಗ್ನಿಶಾಮಕ ದಳದವರು ಕಟ್ಟಡ ಮರಗಳನ್ನೆಲ್ಲ ತೊಳೆದರು, ಏಪ್ರಿಲ್ ಮಧ್ಯದಿಂದ ಸಾವಿರಾರು ಜನರಿಗೆ ಲಸಿಕೆ ಹಾಕಿದರು. ಮಾಂಸ ತಿಂದು ಬಂದ ರೋಗಕ್ಕೆ ಮರದ ಎಲೆ ಯಾಕೆ ತೊಳೆಯುತ್ತಾರೆ ಎಂದು ನನ್ನ ತರಗತಿಯ ಒಬ್ಬಳು ಹುಡುಗಿ ತಟ್ಟನೆ ಕೇಳಿದಳು. ಅಲ್ಲಿಯ ಹೆಂಗಸರಿಗೂ ಹೊಳೆಯದೆ ಇದ್ದೀತೆ? ಬಾಯಿಬಿಟ್ಟು ಕೇಳುವ ಕಾಲ ಅದಲ್ಲ, ಅಷ್ಟೆ.

ಕೆಜಿಬಿಯವರು ಬಂದು ಆಸ್ಪತ್ರೆಯ ದಾಖಲೆಗಳನ್ನು ಹೊತ್ತುಕೊಂಡು ಹೋದರು. ಆದರೆ ಅಬ್ರಮೋವಾ ಮತ್ತು ಗ್ರಿನ್‌ಬರ್ಗ್ ಶವಗಳಿಂದ ತೆಗೆದ ತುಣುಕುಗಳನ್ನೂ, ಗಾಜಿನ ಸ್ಲೈಡುಗಳನ್ನೂ, ತಮ್ಮ ಟಿಪ್ಪಣಿಗಳನ್ನೂ ಬಚ್ಚಿಟ್ಟುಕೊಂಡರು. ಒಂದೆರಡು ದಿನವಲ್ಲ, ಹದಿಮೂರು ವರ್ಷ. ಅದು ಸಿಕ್ಕಿಬಿದ್ದಿದ್ದರೆ ಏನಾಗುತ್ತಿತ್ತೆಂದು ಆ ದೇಶದಲ್ಲಿ ಯಾರಿಗೂ ವಿವರಿಸಬೇಕಾಗಿರಲಿಲ್ಲ. ನಾವು ಹೆಂಗಸರು ಹಳೆಯ ರಸೀದಿ, ಮಕ್ಕಳ ಲಸಿಕೆಯ ಚೀಟಿ ಎಲ್ಲವನ್ನೂ ಟ್ರಂಕಿನ ತಳದಲ್ಲಿ ಕೂಡಿಡುತ್ತೇವೆಂದು ಮನೆಯವರು ನಗುತ್ತಾರಲ್ಲ, ಈ ಡಾಕ್ಟರಮ್ಮನ ಕಥೆ ಓದಿದ ಮೇಲೆ ನಾನಂತೂ ಆ ನಗುವಿಗೆ ಕಿವಿಗೊಡುವುದನ್ನು ಬಿಟ್ಟಿದ್ದೇನೆ.

ಆ ತುಣುಕುಗಳು ಹೇಳುತ್ತಿದ್ದದ್ದು ಸರಳವಾದ ಸಂಗತಿ. ಮಾಂಸದಿಂದ ಬಂದ ರೋಗವಾದರೆ ಮೊದಲ ಪೆಟ್ಟು ಹೊಟ್ಟೆಗೆ, ಕರುಳಿಗೆ ಬೀಳಬೇಕು. ಇಲ್ಲಿ 42 ಶವಗಳಲ್ಲೂ ಎದೆಗೂಡಿನ ನಡುವಿನ ಗ್ರಂಥಿಗಳು ರಕ್ತ ತುಂಬಿ ಹಾಳಾಗಿದ್ದವು. ಅಂದರೆ ರೋಗ ಊಟದ ತಟ್ಟೆಯಿಂದ ಬಂದಿರಲಿಲ್ಲ, ಉಸಿರಿನ ಜೊತೆ ಒಳಗೆ ಹೋಗಿತ್ತು.

ಸೋವಿಯತ್ ಒಕ್ಕೂಟ ಒಡೆದ ಮೇಲೆ 1992ರ ಜೂನ್‌ನಲ್ಲಿ ಅಮೆರಿಕದಿಂದ ಒಂದು ತಂಡ ಆ ಊರಿಗೆ ಹೋಯಿತು. ಮುಖ್ಯಸ್ಥರು ಹಾರ್ವರ್ಡಿನ ವಿಜ್ಞಾನಿ ಮ್ಯಾಥ್ಯೂ ಮೆಸೆಲ್ಸನ್. ಅವರ ಪತ್ನಿ ಜೀನ್ ಗಿಲ್ಮಿನ್ ಸಮಾಜಶಾಸ್ತ್ರದ ಪ್ರಾಧ್ಯಾಪಕಿ. ನನಗೆ ಈ ಇಡೀ ಕಥೆಯಲ್ಲಿ ಬಹಳ ಹಿಡಿಸುವುದು ಆಕೆಯ ಕೆಲಸ. ಸೇನಾ ಆವರಣದೊಳಗೆ ತಂಡವನ್ನು ಬಿಡಲಿಲ್ಲ. ಆಸ್ಪತ್ರೆಯಲ್ಲಿ ಕಾಗದವಿಲ್ಲ. ಆಕೆ ಸ್ಮಶಾನಕ್ಕೆ ಹೋಗಿ ಸಮಾಧಿಕಲ್ಲುಗಳ ಮೇಲಿನ ಹೆಸರು, ತಾರೀಖು ನೋಡಿಕೊಂಡರು. ದುಭಾಷಿಗಳನ್ನು ಕರೆದುಕೊಂಡು ಸತ್ತವರ ಮನೆಮನೆಗೆ ಹೋದರು. ಹೆಂಡತಿ, ತಾಯಿ, ಮಕ್ಕಳ ಎದುರು ಕುಳಿತು, ಅವರು ಎಲ್ಲಿ ವಾಸವಿದ್ದರು, ಎಲ್ಲಿ ಕೆಲಸ ಮಾಡುತ್ತಿದ್ದರು, ಯಾವತ್ತು ಮಲಗಿದರು ಎಂದು ಕೇಳಿ ಬರೆದುಕೊಂಡರು. ಜನಗಣತಿಗೆ, ಮತದಾರರ ಪಟ್ಟಿಗೆ ಬಾಗಿಲು ಬಾಗಿಲು ತಟ್ಟಿದ ನನ್ನಂಥ ಶಿಕ್ಷಕಿಯರಿಗೆ ಈ ಕೆಲಸದ ಕಷ್ಟ ಗೊತ್ತು. ಒಳಗೆ ಕರೆದು ನೀರು ಕೊಡುವವರೂ ಇರುತ್ತಾರೆ, ಬಾಗಿಲ ಸಂದಿಯಿಂದಲೇ ಮಾತು ಮುಗಿಸುವವರೂ ಇರುತ್ತಾರೆ.

ಸತ್ತವರ ಮನೆಗಳನ್ನು ನಕ್ಷೆಯ ಮೇಲೆ ಗುರುತಿಸಿದಾಗ ಚುಕ್ಕೆಗಳು ಅಲ್ಲೊಂದು ಇಲ್ಲೊಂದು ಬಿದ್ದವು. ಆದರೆ ಹಗಲಿನಲ್ಲಿ ಅವರು ಎಲ್ಲಿದ್ದರೆಂದು ಗುರುತಿಸಿದಾಗ ಹೆಚ್ಚಿನ ಚುಕ್ಕೆಗಳು ಒಂದು ಕಿರಿದಾದ ಪಟ್ಟಿಯೊಳಗೆ ಬಂದು ಕುಳಿತವು. ಕಾಂಪೌಂಡ್ 19ರಿಂದ ಹೊರಟ ಆ ಪಟ್ಟಿ ದಕ್ಷಿಣಕ್ಕೆ ಸುಮಾರು ನಾಲ್ಕು ಕಿಲೋಮೀಟರ್, ಊರಿನ ಅಂಚಿನವರೆಗೆ ಹೋಗುತ್ತಿತ್ತು. ದಾರಿಯಲ್ಲಿ ಒಂದು ಪಿಂಗಾಣಿ ಕಾರ್ಖಾನೆ, ಅಲ್ಲಿನ ಹಲವು ಕೆಲಸಗಾರರು. ಅದೇ ಗೆರೆಯನ್ನು ಊರಾಚೆಗೆ ಎಳೆದರೆ 50 ಕಿಲೋಮೀಟರ್ ದೂರದವರೆಗೆ ಆರು ಹಳ್ಳಿಗಳಲ್ಲಿ ಅದೇ ವಸಂತದಲ್ಲಿ ಕುರಿ, ಹಸುಗಳು ಸತ್ತಿದ್ದವು. ಸತ್ತವರ ಪೈಕಿ ಕೆಲವರು ಅಲ್ಪಾವಧಿಯ ಸೇನಾ ತರಬೇತಿಗೆಂದು ಆ ಭಾಗಕ್ಕೆ ಬಂದವರು. ತರಬೇತಿ ಆರಂಭವಾದದ್ದು ಏಪ್ರಿಲ್ 2, ಸೋಮವಾರ. ಹವಾಮಾನದ ಹಳೆಯ ದಾಖಲೆ ತೆಗೆದು ನೋಡಿದರೆ ಅಂದು ಹಗಲು ಗಾಳಿ ಬೀಸಿದ್ದು ಉತ್ತರದಿಂದ ದಕ್ಷಿಣಕ್ಕೆ. ಲೆಕ್ಕ ಸರಿಹೊಂದಿತು. ಅಬ್ರಮೋವಾ ತಂಡದ ಲೇಖನ 1993ರಲ್ಲೂ, ಮೆಸೆಲ್ಸನ್ ತಂಡದ್ದು 1994ರಲ್ಲೂ ವಿಜ್ಞಾನ ಪತ್ರಿಕೆಗಳಲ್ಲಿ ಪ್ರಕಟವಾದವು. ಅಷ್ಟರಲ್ಲಿ ಅಧ್ಯಕ್ಷ ಯೆಲ್ತ್ಸಿನ್ ಕೂಡ ಇದು ಸೇನೆಯ ಕೆಲಸದಿಂದ ಆದದ್ದೆಂದು 1992ರ ಮೇ ತಿಂಗಳಲ್ಲಿ ಒಪ್ಪಿಕೊಂಡಿದ್ದರು. ಘಟನೆ ನಡೆದಾಗ ಅದೇ ಊರಿನ ಪಕ್ಷದ ಮುಖ್ಯಸ್ಥರಾಗಿದ್ದವರು ಅವರೇ.

ಹೊರಗೆ ಬಂದದ್ದೆಷ್ಟು? ಕೆಲವು ಮಿಲಿಗ್ರಾಂನಿಂದ ಹೆಚ್ಚೆಂದರೆ ಒಂದು ಗ್ರಾಂ ಒಳಗೆ ಎಂದು ಆ ಲೇಖನದ ಅಂದಾಜು. ಒಂದು ಚಿಟಿಕೆ ಉಪ್ಪೂ ಅಲ್ಲ.

ಹೊರಗೆ ಬಂದದ್ದು ಹೇಗೆ? ಸೋವಿಯತ್ ಜೈವಿಕ ಅಸ್ತ್ರ ಕಾರ್ಯಕ್ರಮದ ದೊಡ್ಡ ಅಧಿಕಾರಿಯಾಗಿದ್ದು 1992ರಲ್ಲಿ ಅಮೆರಿಕ ಸೇರಿದ ಕೆನ್ ಅಲಿಬೆಕ್ ತಾವು ಕೇಳಿದ್ದನ್ನು 1999ರ ತಮ್ಮ ಪುಸ್ತಕದಲ್ಲಿ ಹೇಳಿದ್ದಾರೆ. ಗಾಳಿ ಸೋಸುವ ಒಂದು ಫಿಲ್ಟರ್ ಕಟ್ಟಿಕೊಂಡಿತ್ತಂತೆ. ಅದನ್ನು ತೆಗೆದವರು ಒಂದು ಚೀಟಿ ಬರೆದಿಟ್ಟು ಹೋದರಂತೆ, ದಾಖಲೆಯ ಪುಸ್ತಕದಲ್ಲಿ ಬರೆಯಲಿಲ್ಲವಂತೆ. ಮುಂದಿನ ಪಾಳಿಯವರು ಪುಸ್ತಕ ನೋಡಿ ಯಂತ್ರ ಚಾಲೂ ಮಾಡಿದರು. ಅವರು ಹೇಳುವ ದಿನ ನಕ್ಷೆಯ ದಿನಕ್ಕೆ ಹೊಂದುವುದಿಲ್ಲ, ಆದ್ದರಿಂದ ಪೂರ್ತಿ ನಂಬಬೇಕಾಗಿಲ್ಲ. ಆದರೆ ನಡೆಯಲಾರದ ಮಾತೇನೂ ಅಲ್ಲ. ಹಾಜರಿ ಪುಸ್ತಕ ತುಂಬುವುದನ್ನು ನಾಳೆಗೆ ಬಿಡುವವರು ಎಲ್ಲ ದೇಶಗಳಲ್ಲೂ ಇದ್ದಾರೆ.

ಇದಕ್ಕಿಂತ ಕಹಿಯಾದ ಸಂಗತಿ ಇನ್ನೊಂದು. ಜೈವಿಕ ಅಸ್ತ್ರಗಳನ್ನು ತಯಾರಿಸುವುದಿಲ್ಲ, ಇಟ್ಟುಕೊಳ್ಳುವುದಿಲ್ಲ ಎಂಬ ಅಂತಾರಾಷ್ಟ್ರೀಯ ಒಪ್ಪಂದಕ್ಕೆ 1972ರಲ್ಲೇ ಸಹಿ ಬಿದ್ದಿತ್ತು, 1975ರಲ್ಲಿ ಜಾರಿಗೂ ಬಂದಿತ್ತು. ಸೋವಿಯತ್ ಒಕ್ಕೂಟ ಅದರ ಮೂಲಪ್ರತಿ ಕಾಯುವ ಮೂರು ದೇಶಗಳಲ್ಲೊಂದು. ಭಾರತ 1974ರಲ್ಲಿ ಅದನ್ನು ಸ್ಥಿರೀಕರಿಸಿತು. ಆದರೆ ಯಾರು ಮಾತಿಗೆ ತಪ್ಪಿದ್ದಾರೆಂದು ಒಳಹೊಕ್ಕು ತಪಾಸಣೆ ಮಾಡುವ ಏರ್ಪಾಡು ಆ ಒಪ್ಪಂದದಲ್ಲಿಲ್ಲ. ಅಂಥದೊಂದನ್ನು ಸೇರಿಸಲು ವರ್ಷಗಟ್ಟಲೆ ನಡೆದ ಮಾತುಕತೆ 2001ರ ಜುಲೈನಲ್ಲಿ ಅಮೆರಿಕ ಒಲ್ಲೆನೆಂದ ಮೇಲೆ ಮುರಿದುಬಿತ್ತು.

ಎರಡೇ ತಿಂಗಳಿಗೆ ಅಮೆರಿಕದಲ್ಲೇ ಅಂಚೆಯ ಲಕೋಟೆಗಳಲ್ಲಿ ಆಂಥ್ರಾಕ್ಸ್ ಪುಡಿ ಬಂತು. 22 ಜನರಿಗೆ ರೋಗ ತಗುಲಿ ಐವರು ಸತ್ತರು. ಅವರಲ್ಲಿ ಇಬ್ಬರು ಅಂಚೆ ನೌಕರರು, ಒಬ್ಬರು 94 ವರ್ಷದ ಅಜ್ಜಿ. ಸೆನೆಟರ್ ಕಚೇರಿಯಲ್ಲಿ ಲಕೋಟೆ ಒಡೆದದ್ದು ಅಕ್ಟೋಬರ್ 15ರಂದು. ಅಲ್ಲಿನ ಸಿಬ್ಬಂದಿಗೆ ಕೂಡಲೇ ಪರೀಕ್ಷೆ, ಕೂಡಲೇ ಮಾತ್ರೆ. ಅದೇ ಲಕೋಟೆ ಹಾದುಬಂದ ಅಂಚೆ ವಿಂಗಡಣಾ ಕೇಂದ್ರವನ್ನು ಮುಚ್ಚಿದ್ದು 21ರಂದು. ಸತ್ತ ಇಬ್ಬರು ನೌಕರರು ಆ ಕೇಂದ್ರದವರು. ಒಡೆಯದ ಲಕೋಟೆಯಿಂದ ಪುಡಿ ಸೋರಲಾರದೆಂದು ಅಧಿಕಾರಿಗಳು ಎಣಿಸಿದ್ದರು. ಏಳು ವರ್ಷಗಳ ತನಿಖೆಯ ನಂತರ ಅಲ್ಲಿನ ಪೊಲೀಸರು ಬೆರಳು ತೋರಿಸಿದ್ದು ತಮ್ಮದೇ ಸೇನೆಯ ರಕ್ಷಣಾ ಪ್ರಯೋಗಾಲಯದಲ್ಲಿ ಆಂಥ್ರಾಕ್ಸ್ ಲಸಿಕೆಯ ಮೇಲೆ ಕೆಲಸ ಮಾಡುತ್ತಿದ್ದ ಒಬ್ಬ ವಿಜ್ಞಾನಿಯತ್ತ. ವಿಚಾರಣೆಗೆ ಮೊದಲೇ ಆತ ಆತ್ಮಹತ್ಯೆ ಮಾಡಿಕೊಂಡ. ವಿಜ್ಞಾನದ ಪುರಾವೆಯೊಂದರಿಂದಲೇ ಅಪರಾಧ ಖಚಿತವಾಗುವುದಿಲ್ಲ ಎಂದು 2011ರಲ್ಲಿ ತಜ್ಞರ ಸಮಿತಿ ಹೇಳಿತು. ಹೇಗೂ ಇರಲಿ, ಕಾಯುವುದಕ್ಕೆಂದು ಕಟ್ಟಿದ ಗೋಡೆಯೊಳಗೂ ಅದೇ ರೋಗಾಣುವನ್ನು ಸಾಕಬೇಕಾಗುತ್ತದೆ ಎಂಬುದನ್ನು ನಾವು ಮರೆಯುವಂತಿಲ್ಲ.

ಹಾಗಾದರೆ ರಕ್ಷಣೆ ಎಂದರೇನು? ಮುಖವಾಡ ತೊಟ್ಟ ಸೈನಿಕರ ಚಿತ್ರ ನೋಡಿ ನಾವು ಅದೇ ಎಂದುಕೊಳ್ಳುತ್ತೇವೆ. ಉಸಿರಿನಲ್ಲಿ ಹೋದ ಬೀಜಾಣು ಎದೆಯಲ್ಲಿ ವಾರಗಟ್ಟಲೆ ಸುಮ್ಮನಿರಬಲ್ಲದು. ಸ್ವೆರ್ದ್ಲೋವ್ಸ್ಕ್‌ನಲ್ಲಿ ಕೊನೆಯವರು ಹಾಸಿಗೆ ಹಿಡಿದದ್ದು ಸುಮಾರು ಆರು ವಾರಗಳ ಮೇಲೆ. ಆ ಅವಧಿಯಲ್ಲಿ ಸಾಮಾನ್ಯ ಪ್ರತಿಜೀವಕ ಮಾತ್ರೆ ನುಂಗಿದರೆ ಬಹಳ ಜನ ಉಳಿಯುತ್ತಾರೆ. 2001ರಲ್ಲಿ ಸುಮಾರು 10,000 ಜನರಿಗೆ 60 ದಿನ ಮಾತ್ರೆ ತೆಗೆದುಕೊಳ್ಳಲು ಹೇಳಿದ್ದು ಅದಕ್ಕೇ. ಔಷಧಿ 1979ರಲ್ಲೂ ಇತ್ತು. ಇಂದು ಈ ಗಾಳಿ ಕುಡಿದವರೆಲ್ಲ ಬನ್ನಿ ಎಂದು ಏಪ್ರಿಲ್ 2ರ ಸಂಜೆ ಸಾರಿದ್ದರೆ ಎಷ್ಟು ಮನೆಗಳ ದೀಪ ಉಳಿಯುತ್ತಿತ್ತೋ. ಆ ಜನರನ್ನು ಕೊಂದದ್ದರಲ್ಲಿ ಅರ್ಧ ಪಾಲು ರೋಗಾಣುವಿನದು, ಅರ್ಧ ಪಾಲು ಬಾಯಿಮುಚ್ಚಿ ಕುಳಿತವರದು ಎಂದೇ ನಾನು ಹೇಳುತ್ತೇನೆ.

ನಮ್ಮಲ್ಲೂ ನೋಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದದ್ದನ್ನು ಜನ ಕಂಡು ಹೇಳಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಸ್ ಪತ್ತೆಮಾಡಿದರು. ಮಂಗನ ಕಾಯಿಲೆಗೆ ಊರಿನ ಹೆಸರು ಬಂತು. ಆ ವೈರಸ್ ರಷ್ಯಾದ ಕಡೆಯ ಇನ್ನೊಂದು ವೈರಸ್ಸನ್ನು ಹೋಲುತ್ತಿದ್ದುದರಿಂದ ವಲಸೆ ಹಕ್ಕಿಗಳು ತಂದವೇ ಎಂಬ ಅಧ್ಯಯನ ಹುಟ್ಟಿಕೊಂಡಿತು. ಹಕ್ಕಿಗಳ ಅಧ್ಯಯನಕ್ಕೆ ಅಮೆರಿಕದ ಸೇನೆಯ ಹಣ ಸೇರಿದ್ದು ತಿಳಿದಾಗ ಅನುಮಾನವೆದ್ದಿತು, 1975ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೂ ಕಟುವಾಗಿ ಪ್ರಶ್ನಿಸಿತು. ಕಾಯಿಲೆಯೇನೋ ನಮ್ಮ ಕಾಡಿನ ಉಣುಗುಗಳಿಂದಲೇ ಹರಡುವಂಥದು. ಆದರೂ ಆ ಪ್ರಶ್ನೆಗಳನ್ನು ಕೇಳಿದ್ದು ಒಳ್ಳೆಯದಾಯಿತು ಎಂದೇ ನನ್ನ ಅಭಿಪ್ರಾಯ.

ನೆರಡಿ ಕೂಡ ನಮ್ಮ ಜಿಲ್ಲೆಗಳಿಗೆ ಹೊಸದಲ್ಲ. ಅದರ ಲಸಿಕೆಯನ್ನು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಜೈವಿಕ ಸಂಸ್ಥೆಯಲ್ಲೇ ತಯಾರಿಸುತ್ತಾರೆ. ದನ ಹಠಾತ್ತನೆ ಸತ್ತರೆ ಕುಯ್ಯಬಾರದು, ಚರ್ಮ ಸುಲಿಯಬಾರದು, ಪಶುವೈದ್ಯರಿಗೆ ತಿಳಿಸಬೇಕು, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಇಷ್ಟನ್ನು ಪ್ರತಿವರ್ಷ ಈ ಕಥೆಯ ಕೊನೆಗೆ ಮಕ್ಕಳಿಂದ ಬಾಯಿಪಾಠ ಹೇಳಿಸುತ್ತೇನೆ. ಇತಿಹಾಸದ ಟೀಚರಿಗೆ ದನದ ಗುಂಡಿಯ ಉಸಾಬರಿ ಯಾಕೆಂದು ಸ್ಟಾಫ್ ರೂಮಿನಲ್ಲಿ ತಮಾಷೆ ಮಾಡುತ್ತಾರೆ.

ಹೋದ ವರ್ಷ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಮನೆಯ ಎಮ್ಮೆ ರಾತ್ರಿ ಬೆಳಗಾಗುವುದರೊಳಗೆ ಸತ್ತಿತು. ಚರ್ಮದವನಿಗೆ ಹೇಳಿಕಳಿಸಲು ಹೊರಟ ಅಪ್ಪನನ್ನು ಅವಳು ಅತ್ತು ಕರೆದು ತಡೆದಳು. ಪಶುವೈದ್ಯರು ಬಂದು ಕಿವಿಯ ತುದಿಯಿಂದ ಒಂದು ಹನಿ ರಕ್ತ ಗಾಜಿನ ಮೇಲೆ ತೆಗೆದುಕೊಂಡು ಹೋದರು, ಗುಂಡಿ ತೋಡಿಸಿದರು. ಕೆಲವು ದಿನಗಳ ಮೇಲೆ ವರದಿ ಬಂತು. ನೆರಡಿ ಅಲ್ಲ, ಬೇರೇನೋ. ಅವಳ ಅಪ್ಪ ಸಂತೆಯಲ್ಲಿ ಸಿಕ್ಕಿ, "ಏನು ಟೀಚರಮ್ಮಾ, ನಿಮ್ಮ ಮಾತು ಕೇಳಿ ನನ್ನ ಮಗಳು ಎರಡು ಚೀಲ ಸುಣ್ಣ ದಂಡ ಮಾಡಿದಳಲ್ಲಾ" ಎಂದರು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಉಳಿದ ಎರಡು ಎಮ್ಮೆಗಳಿಗೆ ಲಸಿಕೆ ಹಾಕಿಸಿದ್ದೇನೆ ಎಂದೂ ಹೇಳಿದರು.