ಹಗ್ಗ ಒಬ್ಬರ ಕೈಲಿ, ಕೊಡ ಇನ್ನೊಬ್ಬರ ಕೈಲಿ

ಕೊಲಾಬಾದ ನೇವಿ ನಗರದ ತುದಿಯಲ್ಲಿರುವ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯು 1945ರಲ್ಲಿ ಮೊದಲು ಕಣ್ಣು ಬಿಟ್ಟದ್ದು ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಅದೇ ವರ್ಷ ಅದು ಮುಂಬಯಿಗೆ ಬಂತು. ನಮ್ಮಂತೆಯೇ ವಲಸೆ ಬಂದದ್ದು ಎನ್ನೋಣ! ಅಲ್ಲಿ ಆರ್. ನರಸಿಂಹನ್ ಅವರ ನೇತೃತ್ವದಲ್ಲಿ ಕಟ್ಟಿದ ಗಣಕಯಂತ್ರವು 1960ರಲ್ಲಿ ಕೆಲಸಕ್ಕೆ ನಿಂತಿತು; 1962ರಲ್ಲಿ ನೆಹರೂ ಅವರು ಅದಕ್ಕೆ ಟಿಫ್ರ್ಯಾಕ್ ಎಂದು ನಾಮಕರಣ ಮಾಡಿದರು. ಸುಮಾರು 2,700 ನಿರ್ವಾತ ನಳಿಕೆಗಳು, ನೆನಪಿಗೆ ಕೇವಲ 2,048 ಮನೆಗಳು. ಲೆಕ್ಕದ ಫಲವನ್ನು ರೇಖೆಗಳಲ್ಲಿ ಬಿಡಿಸಿ ತೋರಿಸಲು ಒಂದು ಕ್ಯಾಥೋಡ್ ಕಿರಣದ ಪರದೆಯೂ ಇತ್ತು. ಆ ಯಂತ್ರಕ್ಕೆ ಒಮ್ಮೆಗೆ ಒಂದೇ ಕೆಲಸ. ಒಬ್ಬರ ಲೆಕ್ಕ ಮುಗಿದರೆ ಇನ್ನೊಬ್ಬರದು, ಜಾಗಕ್ಕಾಗಿ ಜಗಳವಿಲ್ಲ.

ಇಂದು ನಮ್ಮ ಮನೆಯ ಗಣಕಯಂತ್ರದೊಳಗೆ ಇಬ್ಬರು ದುಡಿಯುತ್ತಾರೆ. ಲೆಕ್ಕದ ಚಿಪ್ಪು ಚಿತ್ರದ ವಿವರಗಳನ್ನು ನೆನಪಿನಲ್ಲಿ ಬರೆದಿಡುತ್ತದೆ, ಚಿತ್ರದ ಚಿಪ್ಪು ಅದನ್ನು ಓದಿ ಪರದೆಗೆ ಬಿಡಿಸುತ್ತದೆ. ಇಬ್ಬರ ವೇಗವೂ ಬೇರೆ. ಚಿತ್ರದ ಚಿಪ್ಪು ಓದಿ ಮುಗಿಸುವ ಮೊದಲೇ ಆ ಜಾಗವನ್ನು ತೆರವು ಮಾಡಿ ಬೇರೆಯವರಿಗೆ ಕೊಟ್ಟರೆ ಚಿತ್ರ ಕೆಡುವುದಷ್ಟೇ ಅಲ್ಲ, ಒಬ್ಬರ ಗುಟ್ಟು ಮತ್ತೊಬ್ಬರ ಕೈ ಸೇರಬಹುದು. ತೆರವು ಮಾಡದೆ ಬಿಟ್ಟರೋ, ಜಾಗ ತುಂಬಿ ಯಂತ್ರವೇ ನಿಲ್ಲುತ್ತದೆ.

ಗುಮಾಸ್ತರಾದ ನಮಗೆ ಇದು ಹೊಸತಲ್ಲ. ಕೆಲವು ವರ್ಷಗಳ ಹಿಂದೆ ಒಂದು ಕಚೇರಿಯ ದಾಖಲೆ ಕೋಣೆಯನ್ನು ಚೊಕ್ಕಟ ಮಾಡುವ ಉತ್ಸಾಹದಲ್ಲಿ, ಲೆಕ್ಕ ತಪಾಸಣೆಯವರು ಇನ್ನೂ ನೋಡುತ್ತಿದ್ದ ಒಬ್ಬ ಜವಾನರ ಕಡತದ ಜೋಡಿ ಕಾಗದಗಳನ್ನೆಲ್ಲ ರದ್ದಿಗೆ ಹಾಕಿದೆವು. ಕಡತ ಹೊರಗಿದೆ ಎಂಬ ಚೀಟಿಯನ್ನು ಯಾರೂ ನೋಡಲಿಲ್ಲ. ಪಾಪ, ಆ ಮನುಷ್ಯನ ಪಿಂಚಣಿ ಹನ್ನೊಂದು ತಿಂಗಳು ತಡವಾಯಿತು. ರದ್ದಿಯ ಪಟ್ಟಿಗೆ ಸಹಿ ಹಾಕಿದವರಲ್ಲಿ ನಾವೂ ಒಬ್ಬರು.

ಮೂಲ ಬರಹವು ಎಲ್ಲರಿಗೂ ತೆರೆದಿರುವ ಲಿನಕ್ಸ್‌ನಲ್ಲಿ ಈ ಚೀಟಿಯ ವ್ಯವಸ್ಥೆ ಒಂದೇ ದಿನಕ್ಕೆ ಆದದ್ದಲ್ಲ. 2012ರ ಮಾರ್ಚಿನಲ್ಲಿ ಬಂದ ಅದರ 3.3ನೆಯ ಆವೃತ್ತಿಯಲ್ಲಿ ಸುಮಿತ್ ಸೆಮ್ವಾಲ್ ಎಂಬ ನಮ್ಮ ದೇಶದ ತಂತ್ರಜ್ಞರು ಬರೆದ ಡಿಎಂಎ-ಬಫ್ ಸೇರಿತು. ಕ್ಯಾಮರಾ, ಚಿತ್ರದ ಚಿಪ್ಪು, ಪರದೆ ಇವೆಲ್ಲ ಒಂದೇ ಜಾಗವನ್ನು ನಕಲು ಮಾಡದೆ ಹಂಚಿಕೊಳ್ಳುವ ಏರ್ಪಾಡು ಅದು. ಎಷ್ಟು ಮಂದಿ ಹಿಡಿದಿದ್ದಾರೆಂಬ ಎಣಿಕೆ ಸೊನ್ನೆಗೆ ಇಳಿದಾಗಲೇ ಜಾಗದ ಬಿಡುಗಡೆ.

ಹಂಚಿಕೊಂಡ ಮೇಲೆ ಜಗಳವೂ ಬಂತು. ಊರಿನ ಬಾವಿಕಟ್ಟೆಯನ್ನು ನೆನೆಯಿರಿ. ಒಬ್ಬಾಕೆಯ ಕೈಲಿ ಹಗ್ಗ, ಇನ್ನೊಬ್ಬಾಕೆಯ ಕೈಲಿ ಕೊಡ. ಯಾರೂ ಬಿಡರು, ಇಬ್ಬರಿಗೂ ನೀರಿಲ್ಲ. 2013ರಲ್ಲಿ ಮಾರ್ಟನ್ ಲ್ಯಾಂಕ್‌ಹಾರ್ಸ್ಟ್ ಎಂಬವರು ತಂದ ಬೀಗದ ಪದ್ಧತಿ ಇದಕ್ಕೆ ಪರಿಹಾರ. ಬಂದವರಿಗೆಲ್ಲ ಸರದಿಯ ಸಂಖ್ಯೆ. ತಕರಾರು ಬಂದರೆ ತಡವಾಗಿ ಬಂದವರು ಕೈಲಿದ್ದುದನ್ನೆಲ್ಲ ಕೆಳಗಿಟ್ಟು ಮತ್ತೆ ಮೊದಲಿಂದ ಪ್ರಯತ್ನಿಸಬೇಕು. ನಮ್ಮ ಅಜ್ಜಿಯಂದಿರು ‘ಮುಂದೆ ಬಂದವಳು ಸೇದಲಿ’ ಎನ್ನುತ್ತಿದ್ದುದೂ ಇದನ್ನೇ ಅಲ್ಲವೇ?

ಮರುವರ್ಷ ಅವರದೇ ‘ಫೆನ್ಸ್’, ಎಂದರೆ ಬೇಲಿ, ಸೇರಿತು. ಚಿತ್ರದ ಚಿಪ್ಪಿಗೆ ಕೊಟ್ಟ ಪ್ರತಿ ಕೆಲಸಕ್ಕೂ ಒಂದು ಬೇಲಿ. ಕೆಲಸ ಮುಗಿದಾಗ ಅದು ತೆರೆಯುತ್ತದೆ, ಅಲ್ಲಿಯ ತನಕ ಕಾದವರು ಒಳಗೆ ಕಾಲಿಡುವಂತಿಲ್ಲ. ಇಲ್ಲಿ ನಿಯಮ ಬಲು ಕಟ್ಟುನಿಟ್ಟು: ಬೇಲಿ ಯುಕ್ತ ಸಮಯದೊಳಗೆ ತೆರೆಯಲೇಬೇಕು. ಚಿಪ್ಪು ಸ್ತಬ್ಧವಾಗಿ ನಿಂತರೆ ಡ್ರೈವರ್ ಅದನ್ನು ಎಬ್ಬಿಸಿ, ‘ಕೆಲಸ ಕೆಟ್ಟಿತು’ ಎಂಬ ಷರಾ ಬರೆದು ಬೇಲಿ ತೆರೆಯಬೇಕು. ‘ಪರಿಶೀಲನೆಯಲ್ಲಿದೆ’ ಎಂದು ಬರೆದು ವರ್ಷಗಟ್ಟಲೆ ಕಡತ ಮುಚ್ಚಿಡುವ ನಮ್ಮ ಸೌಕರ್ಯ ಆ ಯಂತ್ರಕ್ಕಿಲ್ಲ.

ಆದರೂ ಒಂದು ತೊಡಕು ಉಳಿದಿತ್ತು. ಯುಎಸ್‌ಬಿ ತಂತಿಗೆ ಸಿಕ್ಕಿಸಿದ ಪರದೆಯನ್ನು ಬಳಕೆಯ ನಡುವೆಯೇ ಕಿತ್ತರೆ? ಯಂತ್ರ ಹೋದೊಡನೆ ಅದರ ಕಾಗದಪತ್ರವನ್ನೆಲ್ಲ ತೆರವು ಮಾಡುವ ಸಲಕರಣೆ ಹಿಂದಿನಿಂದಲೂ ಇತ್ತು. ಆದರೆ ಯಾವುದೋ ಕಾರ್ಯಕ್ರಮ ಆ ಪರದೆಯ ಖಾತೆಯನ್ನು ಇನ್ನೂ ತೆರೆದಿಟ್ಟುಕೊಂಡಿರುತ್ತದೆ. ಅದು ಮತ್ತೊಮ್ಮೆ ಕೈಚಾಚಿದಾಗ ಸಿಗುವುದು ಬರಿದಾದ ಜಾಗ. 2020ರಲ್ಲಿ ಡೇನಿಯಲ್ ವೆಟರ್ ಅವರು ತಂದ ಏರ್ಪಾಡಿನಲ್ಲಿ, ಯಂತ್ರ ಹೋದರೂ ಖಾತೆ ಉಳಿಯುತ್ತದೆ. ಅದನ್ನು ಹಿಡಿದಿದ್ದ ಕೊನೆಯ ಕೈ ಬಿಟ್ಟ ಮೇಲೆಯೇ ರದ್ದಿ.