ಭೂಮಿಯ ಬೀಗ ಯಾರ ಕೈಲಿರಬೇಕು?

ಕೆಂಗಲ್ ಅಂದ ತಕ್ಷಣ ಎರಡು ನೆನಪಾಗುತ್ತೆ. ಒಂದು, ರಾಮನಗರ ಮತ್ತು ಚನ್ನಪಟ್ಟಣದ ನಡುವೆ ಹಳೇ ಮೈಸೂರು ರಸ್ತೆಯಲ್ಲಿರುವ ಆಂಜನೇಯನ ಗುಡಿ. ಇನ್ನೊಂದು, ಕೆಂಗಲ್ ಹನುಮಂತಯ್ಯ. ವಿಧಾನಸೌಧ ಕಟ್ಟಿಸಿದವರು ಅಂತ ಅವರನ್ನು ನೆನೆಯುತ್ತೇವೆ. ಅವರು ಮುಖ್ಯಮಂತ್ರಿಯಾಗಿದ್ದಾಗಲೇ, 1954ರಲ್ಲಿ, ಮೈಸೂರಿನಲ್ಲಿ ಇನಾಂ ರದ್ದತಿ ಕಾಯ್ದೆ ಬಂತು ಅನ್ನೋದನ್ನು ಮರೆಯುತ್ತೇವೆ. ಭೂಮಿ ಯಾರದ್ದು ಎಂಬ ಪ್ರಶ್ನೆ ಈ ಸೀಮೆಗೆ ಹೊಸದಲ್ಲ.

ಇವತ್ತು ಇಲ್ಲಿ ಮಳೆ, ಬೆಳೆಗಿಂತ ಗುಂಟೆ ರೇಟಿನ ಮಾತೇ ಜಾಸ್ತಿ. 2023ರ ಮಾರ್ಚ್‌ನಲ್ಲಿ 118 ಕಿಲೋಮೀಟರ್ ಉದ್ದದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. 2025ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಅಂತ ಹೆಸರಿಡಲು ಸಚಿವ ಸಂಪುಟ ತೀರ್ಮಾನಿಸಿತು.

ಬೆಲೆ ಏರಿದ್ರೆ ರೈತನಿಗೆ ಒಳ್ಳೇದೇ ಅಲ್ವಾ ಅಂತ ಕೇಳಬಹುದು. ಮಾರುವವನಿಗೆ ಒಂದು ಸಲ ಒಳ್ಳೇದು. ಆದರೆ ಮಗನಿಗೆ ಅದೇ ಊರಲ್ಲಿ ಎರಡು ಎಕರೆ ಕೊಳ್ಳಬೇಕು ಅಂದ್ರೆ? ರಾಮನಗರದಲ್ಲಿ ಬಾಡಿಗೆ ಮನೆಯಲ್ಲಿದ್ದು ರೇಷ್ಮೆ ನೂಲು ತೆಗೆಯುವ ಕುಟುಂಬ ಎಲ್ಲಿಗೆ ಹೋಗಬೇಕು? ಪಹಣಿಯಲ್ಲಿ ಹೆಸರಿಲ್ಲದ ಕೂಲಿಯವನಿಗೆ ಮಾರಾಟದ ದುಡ್ಡಿನಲ್ಲಿ ಬಿಡಿಗಾಸೂ ಇಲ್ಲ.

ಇದಕ್ಕೆ ಒಂದು ಬೀಗ ಇತ್ತು. ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳು ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳುವುದನ್ನು ತಡೆದಿದ್ದವು. ಅವುಗಳ ಹೆಸರಲ್ಲಿ ಲಂಚ ನಡೀತಿತ್ತು, ರೈತನಿಗೆ ಮಾರುವ ಸ್ವಾತಂತ್ರ್ಯ ಬೇಕು ಅಂತ ವಾದ ಬಂತು. 2020ರಲ್ಲಿ ಎರಡೂ ಹೋದವು. ಸರ್ಕಾರ ಹಾಕಿದ ಬೀಗ, ಸರ್ಕಾರವೇ ತೆಗೀತು. ಹಾಗಾದರೆ ಊರೇ ಬೀಗ ಹಾಕಿಕೊಂಡರೆ?

ಈ ಯೋಚನೆ ಇದೇ ಮೈಸೂರು ಸೀಮೆಯಲ್ಲಿ ಒಮ್ಮೆ ಸುದ್ದಿಯಾಗಿತ್ತು. 1957ರ ಸೆಪ್ಟೆಂಬರ್ 21 ಮತ್ತು 22. ಜಾಗ, ಮೈಸೂರು–ಹುಣಸೂರು ರಸ್ತೆಯ ಯಲವಾಲ. ವಿನೋಬಾ ಭಾವೆಯವರ ಗ್ರಾಮದಾನದ ಬಗ್ಗೆ ಮಾತಾಡಲು ನೆಹರೂ ಬಂದಿದ್ದರು, ಕೇರಳದ ಕಮ್ಯುನಿಸ್ಟ್ ಮುಖ್ಯಮಂತ್ರಿ ಇಎಂಎಸ್ ಕೂಡ ಬಂದಿದ್ದರು. ಪಕ್ಷಭೇದ ಬಿಟ್ಟು ಎಲ್ಲರೂ ಅದಕ್ಕೆ ಬೆಂಬಲ ಸೂಚಿಸಿದರು. ಗ್ರಾಮದಾನ ಅಂದ್ರೆ ಇಷ್ಟೇ: ಜಮೀನಿನ ಒಡೆತನ ಊರಿಗೆ, ಉಳುಮೆ ಕುಟುಂಬಕ್ಕೆ. ಒಬ್ಬೊಬ್ಬರೇ ಹೊರಗಿನವರಿಗೆ ಮಾರುವಂತಿಲ್ಲ.

ನಮ್ಮಲ್ಲಿ ಅದು ಬಹುತೇಕ ಕಾಗದದಲ್ಲೇ ಉಳೀತು. ಆದರೆ ಯೋಚನೆ ಸಮುದ್ರ ದಾಟಿತು. ಅಮೆರಿಕದ ಜಾರ್ಜಿಯಾದಲ್ಲಿ ಮತದಾನದ ಹಕ್ಕಿಗೆ ಹೋರಾಡಿದ ಕಪ್ಪು ಜನಾಂಗದ ಗೇಣಿದಾರರನ್ನು ಒಡೆಯರು ಜಮೀನಿನಿಂದ ಎಬ್ಬಿಸುತ್ತಿದ್ದರು. 1969ರಲ್ಲಿ ಚಾರ್ಲ್ಸ್ ಶೆರಾಡ್, ರಾಬರ್ಟ್ ಸ್ವಾನ್ ಮತ್ತು ಗೆಳೆಯರು ‘ನ್ಯೂ ಕಮ್ಯುನಿಟೀಸ್’ ಕಟ್ಟಿದರು. ಸುಮಾರು 5,700 ಎಕರೆ. ಗ್ರಾಮದಾನ ಅವರಿಗೆ ಸ್ಫೂರ್ತಿಯಾಗಿದ್ದವುಗಳಲ್ಲಿ ಒಂದು. ಇದನ್ನೇ ಇವತ್ತು ಜಗತ್ತು ಕಮ್ಯುನಿಟಿ ಲ್ಯಾಂಡ್ ಟ್ರಸ್ಟ್ ಅನ್ನುತ್ತೆ. ನೆಲ ಟ್ರಸ್ಟಿನದು, ಮನೆ ಕುಟುಂಬದ್ದು. ನೆಲಕ್ಕೆ ಸಾಮಾನ್ಯವಾಗಿ 99 ವರ್ಷದ ಗುತ್ತಿಗೆ. ಮನೆ ಮಾರಬಹುದು, ಆದರೆ ಮೊದಲೇ ಒಪ್ಪಿದ ಲೆಕ್ಕದ ಬೆಲೆಗೆ. ಹಾಗಾಗಿ ಮುಂದಿನ ಬಡ ಕುಟುಂಬಕ್ಕೂ ಅದು ಎಟಕುತ್ತೆ. 1984ರಲ್ಲಿ ಬರ್ಲಿಂಗ್ಟನ್ ನಗರವೇ ಇಂಥ ಟ್ರಸ್ಟಿಗೆ ದುಡ್ಡು ಕೊಟ್ಟಿತು. ಆಗ ಅಲ್ಲಿನ ಮೇಯರ್ ಬರ್ನಿ ಸ್ಯಾಂಡರ್ಸ್.

ಇದು ಮಂತ್ರದಂಡ ಅಂತ ನಾನು ಹೇಳಲ್ಲ. ಬರ ಬಂದಾಗ ನ್ಯೂ ಕಮ್ಯುನಿಟೀಸ್‌ಗೆ ಸರ್ಕಾರಿ ಸಾಲ ಸಕಾಲಕ್ಕೆ ಸಿಗಲಿಲ್ಲ. 1985ರಲ್ಲಿ ಆ ಜಮೀನು ಸಾಲಕ್ಕೆ ಹೋಯ್ತು. ತಾರತಮ್ಯ ಆಗಿತ್ತು ಅಂತ 1.2 ಕೋಟಿ ಡಾಲರ್ ಪರಿಹಾರ ಸಿಕ್ಕಿದ್ದು 2009ರಲ್ಲಿ! ಇನ್ನೊಂದು ಮಿತಿಯೂ ಇದೆ. ಟ್ರಸ್ಟ್ ಮಾರುಕಟ್ಟೆಯನ್ನು ತಡೆಯಬಹುದು, ಸರ್ಕಾರದ ಭೂಸ್ವಾಧೀನವನ್ನು ತಡೆಯೋದು ಕಷ್ಟ. ಬಿಡದಿ ಟೌನ್‌ಶಿಪ್ ವಿರುದ್ಧ ಬೈರಮಂಗಲದಲ್ಲಿ ಧರಣಿ ಕೂತವರನ್ನು ಕೇಳಿ, ಹೇಳ್ತಾರೆ.

ಆದರೂ ನನ್ನ ಪ್ರಕಾರ ಶುರು ಮಾಡೋ ಜಾಗ ನಮ್ಮಲ್ಲೇ ಇದೆ. ನಮ್ಮ ಗೃಹ ನಿರ್ಮಾಣ ಸಹಕಾರ ಸಂಘಗಳನ್ನೇ ನೋಡಿ. ಹತ್ತಾರು ಜನ ಸೇರಿ ಜಮೀನು ಕೊಳ್ಳುತ್ತಾರೆ. ನಿವೇಶನ ಮಾಡಿ ಕ್ರಯಪತ್ರ ಬರೆದುಕೊಟ್ಟ ಮೇಲೆ ಅದು ಮತ್ತೆ ಸಂತೆಗೆ ಬರುತ್ತೆ. ಅದರ ಬದಲು ನೆಲ ಸಂಘದ್ದೇ ಆಗಿರಲಿ, ಸದಸ್ಯರಿಗೆ ಗುತ್ತಿಗೆ ಕೊಡಲಿ. ಪಂಚಾಯಿತಿ ಆಶ್ರಯ ನಿವೇಶನಗಳನ್ನು ಹಂಚುವಾಗಲೂ ಇದನ್ನು ಯೋಚಿಸಲಿ. ಮೊದಲು ಗ್ರಾಮಸಭೆಯಲ್ಲಿ ಒಂದು ಪ್ರಶ್ನೆ ಎತ್ತಿ: ನಮ್ಮೂರಲ್ಲಿ ಮಾರಾಟಕ್ಕಿಲ್ಲದ ನೆಲ ಎಷ್ಟಿರಬೇಕು? ಬೆಲೆ ಕಟ್ಟೋಕೆ ಕಾರಿನಲ್ಲಿ ಬರೋರು ಆ ಸಭೆಗೆ ಕಾಯೋದಿಲ್ಲ.