ಮೂಲೆಯಲ್ಲಿ ಎರಡಕ್ಷರ

ಹಳೆಯ ‘ಚಂದಮಾಮ’ಗಳನ್ನು ವರ್ಷವಾರು ಹೊಲಿಸಿ, ರಟ್ಟು ಹಾಕಿಸಿ ಅಟ್ಟದ ಮೇಲೆ ಇಟ್ಟುಕೊಂಡ ಮನೆಗಳು ಕರ್ನಾಟಕದಲ್ಲಿ ಈಗಲೂ ಇವೆ. ಆ ಸಂಪುಟಗಳ ಕೆಲವು ಮುಖಪುಟಗಳನ್ನು ಬೆಳಕಿಗೆ ಹಿಡಿದು ನೋಡಿದರೆ ಚಿತ್ರದ ಒಂದು ಮೂಲೆಯಲ್ಲಿ ಎರಡಕ್ಷರ ಕಾಣಿಸುತ್ತದೆ: ವ.ಪಾ. ಅದು ತೆಲುಗು ಲಿಪಿ. ಕನ್ನಡ ಬಲ್ಲವರಿಗೆ ಅದನ್ನು ಓದಲು ತೆಲುಗು ಬರಬೇಕಾಗಿಲ್ಲ, ಎರಡೂ ಲಿಪಿಗಳಲ್ಲಿ ಆ ಅಕ್ಷರಗಳು ಅಷ್ಟು ಹತ್ತಿರ. ಆದರೂ ಪತ್ರಿಕೆಯನ್ನು ಕಿತ್ತಾಡಿಕೊಂಡು ಓದಿದ ಮಕ್ಕಳಲ್ಲಿ ಆ ಅಕ್ಷರಗಳು ಯಾರ ಹೆಸರೆಂದು ಕೇಳಿದವರು ಕಡಿಮೆ.

ಅದು ವಡ್ಡಾದಿ ಪಾಪಯ್ಯನವರ ಹೆಸರು. ಹುಟ್ಟಿದ್ದು 1921ರಲ್ಲಿ, ಶ್ರೀಕಾಕುಳಂನಲ್ಲಿ. ಕೊನೆಯ ವರ್ಷಗಳನ್ನು ಕಳೆದದ್ದು ಅನಕಾಪಲ್ಲಿ ಪಕ್ಕದ ಕಶಿಂಕೋಟದಲ್ಲಿ. ತೀರಿಕೊಂಡದ್ದು 1992ರ ಡಿಸೆಂಬರಿನಲ್ಲಿ. ವಿಶಾಖಪಟ್ಟಣದ ಕಡೆಯಿಂದ ಬರುವವರಿಗೆ ಪರವಾಡ, ಅನಕಾಪಲ್ಲಿ, ಕಶಿಂಕೋಟ ಎಲ್ಲ ಒಂದೇ ಸೀಮೆ. ಪರವಾಡದಲ್ಲಿ ಈಗ ಸಿಂಹಾದ್ರಿ ವಿದ್ಯುತ್ ಸ್ಥಾವರದ ಚಿಮಣಿಗಳಿವೆ, ಔಷಧ ಕಾರ್ಖಾನೆಗಳ ಸಾಲಿದೆ. ಅನಕಾಪಲ್ಲಿ ಎಂದರೆ ಬೆಲ್ಲದ ಮಂಡಿ. ದಕ್ಷಿಣ ಭಾರತದ ಮಕ್ಕಳು ದೇವತೆಗಳನ್ನು, ಋಷಿಗಳನ್ನು, ರಾಜಕುಮಾರಿಯರನ್ನು ಹೇಗೆ ಕಲ್ಪಿಸಿಕೊಂಡರು ಎಂಬುದಕ್ಕೂ ಈ ಸೀಮೆಗೂ ಸಂಬಂಧವಿದೆ ಎಂದರೆ ಸುಲಭಕ್ಕೆ ನಂಬಿಕೆ ಬರುವುದಿಲ್ಲ.

ಪಾಪಯ್ಯನವರು ಚಿತ್ರ ಬರೆಯಲು ಕಲಿತದ್ದು ಮನೆಯಲ್ಲಿ, ತಂದೆಯ ಕೈಕೆಳಗೆ. ಬಾಲ್ಯದಲ್ಲಿ ಅವರನ್ನು ಹಿಡಿದು ನಿಲ್ಲಿಸಿದ್ದು ರವಿವರ್ಮನ ಕೋದಂಡರಾಮನ ಚಿತ್ರ. ಆಮೇಲೆ ಅವರ ಕುಂಚ ಓಡಾಡಿದ ಪತ್ರಿಕೆಗಳ ಹೆಸರುಗಳನ್ನು ನೋಡಿದರೆ ಅದೇ ಒಂದು ಕಾಲದ ತೆಲುಗು ಪತ್ರಿಕೋದ್ಯಮದ ಚರಿತ್ರೆಯಾಗುತ್ತದೆ: ‘ರೇರಾಣಿ’, ‘ಮಂಜೂಷ’, ‘ಅಭಿಸಾರಿಕ’, ‘ಯುವ’, ‘ಚಂದಮಾಮ’, ‘ಸ್ವಾತಿ’. ಕೆಲವು ಮಕ್ಕಳಿಗೆ, ಕೆಲವು ಸಂಸಾರಸ್ಥರಿಗೆ, ಕೆಲವು ದೊಡ್ಡವರು ಮಕ್ಕಳ ಕೈಗೆ ಸಿಗದಂತೆ ಇಡುತ್ತಿದ್ದವು. ಪತ್ರಿಕೆಗಳ ಚಿತ್ರಕಾರನ ಬದುಕು ಹೀಗೇ. ಒಂದು ಪತ್ರಿಕೆ ನಿಂತರೆ ಇನ್ನೊಂದು, ಒಬ್ಬ ಸಂಪಾದಕ ಹೋದರೆ ಮತ್ತೊಬ್ಬ. ಓದುಗ ಬದಲಾದಂತೆ ಕೈಯೂ ಬದಲಾಗಬೇಕು, ಆದರೆ ನೋಡಿದ ಕೂಡಲೇ ಇದು ಇಂಥವರದು ಎಂದು ಗೊತ್ತಾಗಬೇಕು.

‘ಚಂದಮಾಮ’ ಶುರುವಾದದ್ದು 1947ರ ಜುಲೈನಲ್ಲಿ, ಮದರಾಸಿನಲ್ಲಿ, ತೆಲುಗು ಮತ್ತು ತಮಿಳಿನಲ್ಲಿ. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಅದರ ಹಿಂದಿದ್ದವರು. ಕನ್ನಡ ಆವೃತ್ತಿ 1949ರಲ್ಲಿ ಬಂತು. ಮುಂದೆ ಅದು 12ಕ್ಕೂ ಹೆಚ್ಚು ಭಾಷೆಗಳಿಗೆ ಹರಡಿತು. ಇಷ್ಟು ಭಾಷೆಗಳಲ್ಲಿ ತರಲು ಸಾಧ್ಯವಾದದ್ದಕ್ಕೆ ಒಂದು ಸರಳ ಲೆಕ್ಕವಿದೆ. ಕತೆಯನ್ನು ಪ್ರತಿ ಭಾಷೆಗೂ ಬೇರೆಯಾಗಿ ಬರೆಸಬೇಕು, ಬೇರೆಯಾಗಿ ಮೊಳೆ ಜೋಡಿಸಬೇಕು. ಚಿತ್ರಕ್ಕೆ ಅನುವಾದ ಬೇಡ. ಒಮ್ಮೆ ಬರೆಸಿದ ಮುಖಪುಟ ಎಲ್ಲ ಭಾಷೆಗಳಿಗೂ ಆಗುತ್ತದೆ. ಬಹುವರ್ಣ ಮುದ್ರಣದ ದುಬಾರಿ ಖರ್ಚು ಹೀಗೆ ಹತ್ತಾರು ಆವೃತ್ತಿಗಳಲ್ಲಿ ಹಂಚಿಹೋಗುತ್ತಿತ್ತು. ಪತ್ರಿಕೆಯ ವ್ಯವಹಾರ ನಿಂತದ್ದು ಚಿತ್ರಕಾರರ ಕೆಲಸದ ಮೇಲೆ ಎಂದರೆ ಅತಿಶಯವಲ್ಲ.

ಆ ಚಿತ್ರಶಾಲೆಯಲ್ಲಿ ಕನ್ನಡಿಗರೊಬ್ಬರಿದ್ದರು, ಎಂ.ಟಿ.ವಿ. ಆಚಾರ್ಯ. ಮಹಾಭಾರತ ಧಾರಾವಾಹಿಯ ಕಾಲದಲ್ಲಿ ಭೀಷ್ಮ, ಭೀಮ, ದುರ್ಯೋಧನರನ್ನು ಮುಖಪುಟಕ್ಕೆ ತಂದವರು ಅವರು. ಒಂದಿಡೀ ತಲೆಮಾರಿಗೆ ಭೀಷ್ಮನೆಂದರೆ ಆಚಾರ್ಯರ ಭೀಷ್ಮನೇ. ಅವರು ಪತ್ರಿಕೆ ಬಿಟ್ಟ ಮೇಲೆ ಮುಖಪುಟದ ಹೊಣೆ ವ.ಪಾ. ಅವರಿಗೆ ಬಂತು. ಇಬ್ಬರ ರೀತಿ ಬೇರೆ. ಆಚಾರ್ಯರ ವೀರರು ನೆಲದ ಮೇಲೆ ಭಾರವಾಗಿ ನಿಲ್ಲುತ್ತಾರೆ. ವ.ಪಾ. ಅವರ ಆಕೃತಿಗಳಲ್ಲಿ ಕೊಂಕು ಹೆಚ್ಚು, ಬಣ್ಣ ಮಂಜಿನ ಹಾಗೆ ಒಂದರೊಳಗೊಂದು ಇಳಿಯುತ್ತದೆ.

ಮದರಾಸಿನಿಂದ ಬೆಂಗಳೂರಿಗೆ ಬಂದ ಆಚಾರ್ಯರು ಅಂಚೆಯ ಮೂಲಕ ಚಿತ್ರಕಲೆ ಕಲಿಸುವ ಶಾಲೆ ನಡೆಸಿದರು. ಪಾಠ ಅಂಚೆಯಲ್ಲಿ ಹೋಗುತ್ತದೆ, ವಿದ್ಯಾರ್ಥಿ ಬರೆದ ಚಿತ್ರ ಅಂಚೆಯಲ್ಲಿ ಬರುತ್ತದೆ, ತಿದ್ದಿದ್ದು ಮತ್ತೆ ಹೋಗುತ್ತದೆ. ಊರಿನಲ್ಲಿ ಡ್ರಾಯಿಂಗ್ ಮೇಷ್ಟ್ರೇ ಇಲ್ಲದ ಹುಡುಗರಿಗೆ ಅದೊಂದು ದಾರಿ. ಸಂಬಳದ ಕೆಲಸ ಬಿಟ್ಟ ಚಿತ್ರಕಾರ ಬರಿಯ ಚಿತ್ರದಿಂದ ಬದುಕುವುದು ಕಷ್ಟ, ಜೊತೆಗೆ ಇನ್ನೊಂದು ಆಸರೆ ಬೇಕು ಎಂಬುದನ್ನೂ ಆ ಶಾಲೆ ಹೇಳುತ್ತದೆ.

ಇದಕ್ಕೆ ಎದುರಾಗಿ ಶಂಕರ್ ಅವರನ್ನು ನೋಡಬಹುದು. ಬೇತಾಳನನ್ನು ಹೆಗಲಿಗೆ ಹಾಕಿಕೊಂಡು ಕತ್ತಿ ಹಿರಿದು ನಡೆಯುವ ವಿಕ್ರಮನ ಚಿತ್ರ ಬರೆದ ಕೆ.ಸಿ. ಶಿವಶಂಕರನ್ ಅವರೇ ಈ ಶಂಕರ್. 1952ರಲ್ಲಿ ‘ಚಂದಮಾಮ’ ಸೇರಿದವರು ಸುಮಾರು 60 ವರ್ಷ ಅಲ್ಲಿಗೇ ಬರೆದರು. 2020ರಲ್ಲಿ, 96ನೆಯ ವಯಸ್ಸಿನಲ್ಲಿ ತೀರಿಕೊಂಡರು, ಪದ್ಮಶ್ರೀ ಬಂದದ್ದು ಮರುವರ್ಷ. ಒಂದೇ ಸಂಸ್ಥೆಯ ನೆರಳಿನಲ್ಲಿ ಇಡೀ ಬದುಕು ಕಳೆಯುವ ಅವಕಾಶ ಅವರಿಗೆ ಸಿಕ್ಕಿತು. ಎಲ್ಲರಿಗೂ ಹಾಗೆ ಸಿಗಲಿಲ್ಲ.

ವ.ಪಾ. ಅವರ ವಿಷಯದಲ್ಲಿ ತಿರುವು ಬಂದದ್ದು ವಿಜಯವಾಡದ ಮೂಲಕ. ‘ಚಂದಮಾಮ’ದ ಚಕ್ರಪಾಣಿಯವರದೇ ಇನ್ನೊಂದು ಪತ್ರಿಕೆ ‘ಯುವ’, ಅಲ್ಲಿಯೂ ವ.ಪಾ. ಚಿತ್ರಗಳು ಬರುತ್ತಿದ್ದವು. 1975ರಲ್ಲಿ ಚಕ್ರಪಾಣಿ ತೀರಿಕೊಂಡರು. ಅಷ್ಟರಲ್ಲಿ ತೆಲುಗು ಪ್ರಕಟಣೆಯ ಕೇಂದ್ರ ಮದರಾಸನ್ನು ಬಿಟ್ಟು ಬರುತ್ತಿತ್ತು. ‘ವಿಶಾಲಾಂಧ್ರ’, 1960ರಲ್ಲಿ ಶುರುವಾದ ‘ಆಂಧ್ರಜ್ಯೋತಿ’, 1970ರಲ್ಲಿ ಶುರುವಾದ ‘ಸ್ವಾತಿ’ ಎಲ್ಲ ವಿಜಯವಾಡದವು. ದೊಡ್ಡ ರೈಲ್ವೆ ಜಂಕ್ಷನ್, ಸುತ್ತ ಮುದ್ರಣಾಲಯಗಳು, ಕಾದಂಬರಿ ಪ್ರಕಾಶಕರು, ಬ್ಲಾಕ್ ಮಾಡುವವರು. ಕಟ್ಟಿದ ಬಂಡಲು ರಾತ್ರಿಯ ರೈಲಿಗೆ ಬಿದ್ದರೆ ಬೆಳಗಾಗುವುದರೊಳಗೆ ಕರಾವಳಿಯ ಊರುಗಳಲ್ಲಿರುತ್ತದೆ. ವ.ಪಾ. ಅವರ ಕೊನೆಯ ಕಾಲದ ಚಿತ್ರಗಳನ್ನು ಓದುಗರು ಕಂಡದ್ದು ‘ಸ್ವಾತಿ’ಯಲ್ಲಿ. ಕಶಿಂಕೋಟಕ್ಕೂ ವಿಜಯವಾಡಕ್ಕೂ ನಡುವೆ 300 ಕಿಲೋಮೀಟರಿಗೂ ಹೆಚ್ಚು ದೂರವಿದೆ. ಆದರೆ ಎರಡೂ ಹೌರಾ–ಮದರಾಸು ರೈಲು ದಾರಿಯ ಮೇಲೇ ಇವೆ.

ಕನ್ನಡದ ಕಡೆ ನೋಡಿದರೆ ಇಂಥ ಚಿತ್ರಕಾರರಿಗೆ ಬಯಲು ಇನ್ನೂ ಚಿಕ್ಕದಿತ್ತು. ರಾಶಿಯವರ ‘ಕೊರವಂಜಿ’ 1942ರಿಂದ 1967ರವರೆಗೆ ನಡೆಯಿತು. ಮೈಸೂರಿನಲ್ಲಿ ಓದುತ್ತಿದ್ದ ಆರ್.ಕೆ. ಲಕ್ಷ್ಮಣ್ ಅದಕ್ಕೆ ಬರೆದರು, ಆಮೇಲೆ ಮುಂಬಯಿಗೆ ಹೋದರು. ‘ಅಮರ ಚಿತ್ರಕಥೆ’ಯ ಬೇರೂ ಕನ್ನಡದಲ್ಲಿದೆ ಎಂದು ಐಬಿಎಚ್‌ನ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಹೇಳಿದ್ದರು. ಅವರ ಪ್ರಕಾರ 1965ರಲ್ಲಿ ಮೊದಲು ಹೊರಬಂದದ್ದು ಕನ್ನಡ ಪುಸ್ತಕಗಳು, ಅವು ಚೆನ್ನಾಗಿ ಮಾರಾಟವಾದ ಮೇಲೆಯೇ ಮುಂಬಯಿಯಲ್ಲಿ ಇಂಗ್ಲಿಷ್ ಮಾಲೆಗೆ ಧೈರ್ಯ ಬಂತು. ಆದರೆ ಅನಂತ ಪೈ ಅವರ ಸಂಪಾದಕತ್ವದಲ್ಲಿ ಮಾಲೆ ಬೆಳೆದದ್ದು ಮುಂಬಯಿಯಲ್ಲಿ. ಚಿತ್ರದ ಕೆಲಸವೂ ಅಲ್ಲಿಯೇ, ಆ ಸುತ್ತಿನಲ್ಲಿಯೇ ನಡೆಯಿತು. ಪುಣೆಯ ಪ್ರತಾಪ್ ಮುಳೀಕ್ ತಮ್ಮದೇ ಸ್ಟುಡಿಯೋದಲ್ಲಿ ಕುಳಿತು ಬರೆದುಕೊಟ್ಟರು. ಕನ್ನಡಕ್ಕೆ ಓದುಗರಿದ್ದರು, ಚಿತ್ರದ ಕೂಲಿ ಬೇರೆ ಊರಿಗೆ ಹೋಯಿತು.

ಕೂಲಿಗಿಂತ ದೊಡ್ಡ ಪ್ರಶ್ನೆ ಒಡೆತನದ್ದು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ ಕೃತಿಯ ಮೊದಲ ಒಡೆಯ ಅದನ್ನು ಮಾಡಿದವನೇ. ಆದರೆ ಇದಕ್ಕೆ ಅಪವಾದಗಳಿವೆ. ಪತ್ರಿಕೆಯ ನೌಕರ ಪತ್ರಿಕೆಗಾಗಿ ಬರೆದದ್ದರಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ, ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾಲೀಕರದು, ಉಳಿದ ಹಕ್ಕುಗಳು ಬರೆದವನಲ್ಲೇ ಉಳಿಯುತ್ತವೆ. ಹಣ ಕೊಟ್ಟು ಹೊರಗಿನವರಿಂದ ಹೇಳಿ ಬರೆಸಿದ ವರ್ಣಚಿತ್ರದ ವಿಷಯ ಬೇರೆ. ಅಲ್ಲಿ ಒಪ್ಪಂದವಿಲ್ಲದಿದ್ದರೆ ಬರೆಸಿದವರೇ ಮೊದಲ ಒಡೆಯರು. ನೌಕರಿಯ ಭದ್ರತೆ ಇಲ್ಲದ ಸ್ವತಂತ್ರ ಕಲಾವಿದನಿಗೇ ಇಲ್ಲಿ ಹಕ್ಕೂ ಕಡಿಮೆ. ಒಂದು ಹಾಳೆಯ ಒಪ್ಪಂದ ಬರೆದುಕೊಂಡರೆ ಇದು ತಪ್ಪುತ್ತದೆ. ಆ ಕಾಲದಲ್ಲಿ ಸಂಪಾದಕರ ಬಾಯಿಮಾತೇ ಒಪ್ಪಂದ, ಹಾಳೆ ಕೇಳುವುದು ಅಪನಂಬಿಕೆ ಎನಿಸುತ್ತಿತ್ತು.

ಅದರ ಪರಿಣಾಮ ಚಿತ್ರಕಾರ ಹೋದ ಮೇಲೆ ಕಾಣುತ್ತದೆ. 2007ರಲ್ಲಿ ‘ಚಂದಮಾಮ’ ಮುಂಬಯಿಯ ಜಿಯೋಡೆಸಿಕ್ ಕಂಪನಿಯ ಕೈಗೆ ಹೋಯಿತು. 2013ರ ಹೊತ್ತಿಗೆ ಪತ್ರಿಕೆಯೇ ನಿಂತಿತು. ಕಂಪನಿ ಮುಳುಗಿದಾಗ ಅರವತ್ತು ವರ್ಷಗಳ ಕತೆ ಮತ್ತು ಚಿತ್ರ ಸಾಲಗಾರರ ಲೆಕ್ಕದಲ್ಲಿ ಒಂದು ಆಸ್ತಿಯಾಗಿ ಉಳಿಯಿತು. ನಮ್ಮ ಕಾಯ್ದೆಯಲ್ಲಿ ಕಲಾಕೃತಿಯ ಹಕ್ಕು ಕಲಾವಿದ ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಆ ಲೆಕ್ಕದಲ್ಲಿ ವ.ಪಾ. ಚಿತ್ರಗಳು ಸಾರ್ವಜನಿಕರ ಸ್ವತ್ತಾಗುವುದು 2053ಕ್ಕೆ. ಅಲ್ಲಿಯವರೆಗೆ ಅವುಗಳಿಂದ ಬರುವ ದುಡ್ಡು ಯಾರಿಗೆ ಸೇರಬೇಕು ಎಂಬುದನ್ನು ಹೇಳುವುದು ಕಾಗದಪತ್ರ, ಕುಂಚವಲ್ಲ.

ಈಗ ಚಿತ್ರಕಾರರ ಕೈಗೆ ಟ್ಯಾಬ್ಲೆಟ್ ಬಂದಿದೆ. ಬ್ಲಾಕ್ ಇಲ್ಲ, ಅಂಚೆಗೆ ಕಾಯಬೇಕಿಲ್ಲ, ಪರವಾಡದಲ್ಲಿ ಕುಳಿತು ಬರೆದದ್ದು ನಿಮಿಷದಲ್ಲಿ ಬೆಂಗಳೂರಿನಲ್ಲಿರುತ್ತದೆ. 2012ರಿಂದ ಬೆಂಗಳೂರಿನಲ್ಲಿ ಕಾಮಿಕ್ ಕಾನ್ ನಡೆಯುತ್ತಿದೆ. ಅಲ್ಲಿ ಯುವಕರು ತಾವೇ ಬರೆದು, ತಾವೇ ಅಚ್ಚು ಹಾಕಿಸಿದ ಪುಸ್ತಕಗಳನ್ನು ಮೇಜಿನ ಮೇಲೆ ಹರಡಿ ಮಾರುತ್ತಾರೆ. ಕಾಯ್ದೆಯೂ ಸ್ವಲ್ಪ ಅವರ ಕಡೆಗಿದೆ. 19ನೇ ಕಲಂ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲೇ ಆಗಬೇಕು. ಅವಧಿ ಬರೆದಿಲ್ಲವಾದರೆ ಅದು 5 ವರ್ಷ, ಪ್ರದೇಶ ಬರೆದಿಲ್ಲವಾದರೆ ಭಾರತ ಮಾತ್ರ. ಆದರೆ ಮಧ್ಯಾಹ್ನ ಹೇಳಿ ಸಂಜೆಗೆ ಚಿತ್ರ ಕೇಳುವ ಅವಸರ ಹಾಗೇ ಇದೆ. ದರ ಮಾತಾಡಲು ಸಂಕೋಚ, ಬಿಲ್ಲು ಕಳಿಸಿ ತಿಂಗಳುಗಟ್ಟಲೆ ಕಾಯುವುದು, ಇವೂ ಹಾಗೇ ಇವೆ.

ಮಾಡಿದವನ ಹೆಸರು ಮಾತ್ರ ಮಾರಾಟವಾಗುವುದಿಲ್ಲ. ಒಡೆತನ ಯಾರಿಗೇ ಹೋಗಲಿ, ಈ ಕೃತಿ ನನ್ನದು ಎಂದು ಹೇಳಿಕೊಳ್ಳುವ ಹಕ್ಕು ಕಲಾವಿದನಲ್ಲೇ ಉಳಿಯುತ್ತದೆ ಎನ್ನುತ್ತದೆ 57ನೇ ಕಲಂ. ವ.ಪಾ. ತಮ್ಮ ಹಕ್ಕನ್ನು ಚಿತ್ರದ ಮೂಲೆಯಲ್ಲಿ ಬರೆದಿಟ್ಟು ಹೋಗಿದ್ದಾರೆ. ಅಟ್ಟದಿಂದ ಆ ಸಂಪುಟ ಇಳಿಸಿದವರು ಮುಖಪುಟ ತಿರುವುವ ಮೊದಲು ಆ ಎರಡಕ್ಷರ ಓದಿಕೊಂಡರೆ ಸಾಕು.